ತಡೆದು ಹಾಡಿದವಳು

'ಡಸ್ಟಿ ಇನ್ ಮೆಂಫಿಸ್' ಆಲ್ಬಮ್ಮಿನ ಹೆಸರಿನಲ್ಲೇ ಒಂದು ಸಣ್ಣ ಸುಳ್ಳಿದೆ. 1968ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪಾಪ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅಮೆರಿಕದ ಮೆಂಫಿಸ್‌ಗೆ, ಅಮೆರಿಕನ್ ಸೌಂಡ್ ಎಂಬ ಸ್ಟುಡಿಯೋಗೆ ಹೋದದ್ದು ನಿಜ. ಗಿಟಾರು, ಡ್ರಮ್ಮು, ಆರ್ಗನ್ನುಗಳು ಅಲ್ಲೇ ರೆಕಾರ್ಡ್ ಆದದ್ದೂ ನಿಜ. ಆದರೆ ತಟ್ಟೆಯ ಮೇಲೆ ಇವತ್ತು ನಾವು ಕೇಳುವ ಆಕೆಯ ದನಿ ರೆಕಾರ್ಡ್ ಆದದ್ದು ಆಮೇಲೆ, ನ್ಯೂಯಾರ್ಕಿನಲ್ಲಿ.

ನಿರ್ಮಾಪಕ ಜೆರಿ ವೆಕ್ಸ್ಲರ್ ಈ ಕಥೆಯನ್ನು ತನ್ನ ಆತ್ಮಕಥೆಯಲ್ಲಿ ರಸವತ್ತಾಗಿ ಹೇಳಿಕೊಂಡಿದ್ದಾನೆ. ಆಕೆಗಾಗಿ ಸುಮಾರು 80 ಹಾಡುಗಳನ್ನು ಆರಿಸಿ ಗುಡ್ಡೆ ಹಾಕಿಕೊಂಡು ಕೂತರೆ ಆಕೆ ಒಂದನ್ನೂ ಒಪ್ಪಲಿಲ್ಲವಂತೆ. ಮೆಂಫಿಸ್ಸಿನಲ್ಲಿ ಬಾಯಿಯೇ ಬಿಡಲಿಲ್ಲವಂತೆ. ಕೊನೆಗೆ ನ್ಯೂಯಾರ್ಕಿನಲ್ಲಿ ಹಾಡುವಾಗ ಹೆಡ್‌ಫೋನಿನ ಸದ್ದನ್ನು ಎಷ್ಟು ಏರಿಸಿಕೊಂಡಳೆಂದರೆ ತನ್ನ ದನಿ ತನಗೇ ಕೇಳುವಂತಿರಲಿಲ್ಲವಂತೆ. ಆಲ್ಬಮ್ಮಿನ ಬಗ್ಗೆ ಬರೆದವರಲ್ಲಿ ಬಹಳ ಮಂದಿ ಈ 'ಅಂತೆ'ಗಳನ್ನೇ ಪೋಣಿಸುತ್ತ ಬಂದಿದ್ದಾರೆ. ಒಂದು ಕಡೆ ಅಳುಕಿನ ಹೆಣ್ಣು, ಇನ್ನೊಂದು ಕಡೆ ಅವಳಿಂದ ಹೇಗೋ ಹಾಡಿಸಿ ಗೆದ್ದ ಜಾಣ ಗಂಡಸರು. ಕೇಳಲು ಚೆನ್ನಾಗಿದೆ. ಆದರೆ ಹಾಡುಗಳನ್ನು ಕೇಳಿದರೆ ಈ ಕಥೆ ನಿಲ್ಲುವುದಿಲ್ಲ. ಇಷ್ಟು ಹಿಡಿತದಿಂದ, ಎಲ್ಲಿ ಎಷ್ಟು ಬಿಡಬೇಕು ಎಂಬ ಇಷ್ಟು ಖಚಿತ ಅಂದಾಜಿನಿಂದ ಹಾಡಿದವಳು ಬರೀ ಹೆದರಿದವಳಾಗಿರಲಾರಳು. ಸ್ಟುಡಿಯೋದ ಗಂಡಸರು ಮೊಂಡುತನವೆಂದು ಕರೆದದ್ದು ಆಕೆಯ ಕಸುಬೇ ಆಗಿತ್ತು ಎಂಬುದು ನನ್ನ ವಾದ.

ಆ ಕಸುಬು ಕುದುರಿದ್ದು ಲಂಡನ್ನಿನಲ್ಲಿ. 1939ರ ಏಪ್ರಿಲ್ 16ರಂದು ಅಲ್ಲಿನ ಐರಿಷ್ ಕ್ಯಾಥೊಲಿಕ್ ಮನೆಯೊಂದರಲ್ಲಿ ಹುಟ್ಟಿದ ಆಕೆಯ ನಿಜನಾಮ ಮೇರಿ ಓಬ್ರಯನ್. ಓದಿದ್ದು ಕಾನ್ವೆಂಟಿನಲ್ಲಿ. ಅಪ್ಪ ತೆರಿಗೆ ಲೆಕ್ಕ ನೋಡುತ್ತಿದ್ದವನು. ಮಗಳ ಕೈ ಮೇಲೆ ತಾಳ ತಟ್ಟಿ, ಇದು ಯಾವ ಸಂಗೀತ ಹೇಳು ಎಂದು ಕೇಳುತ್ತಿದ್ದ. ಲಾನಾ ಸಿಸ್ಟರ್ಸ್ ಎಂಬ ಗುಂಪಿನಲ್ಲಿ ಒಂದಿಷ್ಟು ಕಾಲ ಹಾಡಿ, ಆಮೇಲೆ ಅಣ್ಣ ಟಾಮ್ ಜೊತೆ ಸ್ಪ್ರಿಂಗ್‌ಫೀಲ್ಡ್ಸ್ ಎಂಬ ಜಾನಪದ ಧಾಟಿಯ ತಂಡದಲ್ಲಿ ಹೆಸರು ಮಾಡಿದಳು. 1963ರ ಕೊನೆಗೆ ಒಬ್ಬಳೇ ಹೊರಬಂದು 'ಐ ಓನ್ಲಿ ವಾಂಟ್ ಟು ಬಿ ವಿತ್ ಯೂ' ಹಾಡಿದಳು. 1964ರ ಜನವರಿ 1ರಂದು ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮ ಶುರುವಾದಾಗ ಅದರ ಮೊದಲ ಕಂತಿನಲ್ಲೇ ಆಕೆ ಇದ್ದಳು: ಗೋಪುರದಂತೆ ಎತ್ತಿ ಕಟ್ಟಿದ ಹೊಂಬಣ್ಣದ ಕೂದಲು, ಕಣ್ಣಿನ ಸುತ್ತ ದಟ್ಟ ಕಾಡಿಗೆ. ಆ ವೇಷದ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಫಿಲಿಪ್ಸ್ ಕಂಪನಿಯಲ್ಲಿ ಆಕೆಯ ನಿರ್ಮಾಪಕನೆಂದು ತಟ್ಟೆಗಳ ಮೇಲೆ ಅಚ್ಚಾಗುತ್ತಿದ್ದದ್ದು ಜಾನಿ ಫ್ರಾಂಜ್‌ನ ಹೆಸರು. ವಾದ್ಯಗಳ ಏರ್ಪಾಡು ಹೆಚ್ಚಾಗಿ ಐವರ್ ರೇಮಂಡ್‌ನದು. ಇಬ್ಬರೂ ಸಮರ್ಥರೇ. ಆದರೆ ಬೇಸ್ ಗಿಟಾರ್ ಹೇಗೆ ಗುಮ್ಮೆನ್ನಬೇಕು, ಡ್ರಮ್ ಎಲ್ಲಿ ಏಟು ಕೊಡಬೇಕು, ಅಮೆರಿಕದ ಮೋಟೌನ್ ಎಂಬ ಕಂಪನಿಯ ಹಾಡುಗಳ ಬಿಗಿ ಲಂಡನ್ನಿನ ಕೋಣೆಯಲ್ಲಿ ಹೇಗೆ ಬರಬೇಕು ಎಂದು ವಾದ್ಯಗಾರರ ಬೆನ್ನು ಹತ್ತುತ್ತಿದ್ದವಳು ಡಸ್ಟಿ. ಇದೇ ಕೆಲಸ ಮಾಡಿದ ಗಂಡಸಿಗೆ ನಿರ್ಮಾಪಕ ಎನ್ನುವ ಹೆಸರೂ ಅದರ ದುಡ್ಡೂ ಸಿಗುತ್ತಿತ್ತು. ಆಕೆಗೆ ಸಿಕ್ಕಿದ್ದು 'ಇವಳ ಜೊತೆ ಏಗುವುದು ಕಷ್ಟ' ಎಂಬ ಬಿರುದು.

1966ರ 'ಯೂ ಡೋಂಟ್ ಹ್ಯಾವ್ ಟು ಸೇ ಯೂ ಲವ್ ಮಿ' ಹಾಡನ್ನೇ ನೋಡಿ. ಮೂಲ ಇಟಲಿಯದು, ಪೀನೊ ಡೊನಾಜ್ಜೊ ಹಾಡಿದ್ದು. 1965ರ ಸ್ಯಾನ್‌ರೆಮೊ ಸಂಗೀತೋತ್ಸವಕ್ಕೆ ತಾನೂ ಸ್ಪರ್ಧಿಯಾಗಿ ಹೋಗಿದ್ದ ಡಸ್ಟಿ ಅದನ್ನು ಅಲ್ಲಿ ಕೇಳಿ ಮನಸ್ಸಿನಲ್ಲಿಟ್ಟುಕೊಂಡು ಬಂದಳು. ಗೆಳತಿ ವಿಕಿ ವಿಕಮ್ ಮತ್ತು ಸೈಮನ್ ನೇಪಿಯರ್-ಬೆಲ್ ಅದಕ್ಕೆ ಇಂಗ್ಲಿಷ್ ಮಾತು ಹೊಂದಿಸಿದರು. ಸಿದ್ಧ ಟ್ಯೂನಿಗೆ ಸಾಹಿತ್ಯ ಕೂರಿಸುವ ಈ ಅವಸರದ ಕೆಲಸ ನಮ್ಮ ಸಿನಿಮಾ ಕವಿಗಳಿಗೆ ಚೆನ್ನಾಗಿ ಗೊತ್ತಿರುವಂಥದೇ. ಸ್ಟುಡಿಯೋದೊಳಗೆ ತನ್ನ ದನಿ ಸಪ್ಪೆಯಾಗಿ ಕೇಳುತ್ತಿದೆ ಎಂದು ಆಕೆಗೆ ಅನ್ನಿಸಿತು. ಕೊನೆಗೆ ಮೈಕನ್ನು ಮೆಟ್ಟಿಲು ಸಾಲಿನ ಬಳಿ ಇಡಿಸಿ, ಅಲ್ಲಿನ ಮಾರ್ದನಿಯ ನಡುವೆ ನಿಂತು, ಮತ್ತೆ ಮತ್ತೆ ಹಾಡಿದಳು. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ 4ನೆಯ ಸ್ಥಾನ. ಜನ ಇದನ್ನು ಆಕೆಯ ಶಿಖರವೆನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಿತ್ತಾಳೆ ವಾದ್ಯಗಳು ಅಬ್ಬರಿಸುತ್ತವೆ, ದನಿ ಅವುಗಳ ಮೇಲೇರಿ ನಿಲ್ಲುತ್ತದೆ, ಕೇಳುಗ ಬೆರಗಾಗುತ್ತಾನೆ, ಅಲ್ಲಿಗೆ ಮುಗಿಯಿತು. ಆ ಎತ್ತರದಲ್ಲಿ ಹಾಡಬಲ್ಲವರು ಆ ಕಾಲದಲ್ಲಿ ಇನ್ನೂ ಕೆಲವರಿದ್ದರು.

ಮೆಂಫಿಸ್ ಆಲ್ಬಮ್ಮಿನಲ್ಲಿ ಆಕೆ ಕೆಳಗಿಳಿದಳು. ಇದು ಸಣ್ಣ ನಿರ್ಧಾರವಲ್ಲ. ಅಬ್ಬರದಿಂದ ಗೆದ್ದವರು ಅಬ್ಬರವನ್ನು ಬಿಡುವುದು ಅಪರೂಪ. ಮೊದಲ ಹಾಡು 'ಜಸ್ಟ್ ಎ ಲಿಟ್ಲ್ ಲವಿನ್' ಬೆಳಗಿನ ಪ್ರೀತಿಯ ಬಗ್ಗೆ. ಆಕೆ ಅದನ್ನು ಎದ್ದು ಇನ್ನೂ ಮುಖ ತೊಳೆಯದ ದನಿಯಲ್ಲಿ ಎತ್ತಿಕೊಳ್ಳುತ್ತಾಳೆ. ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ, ಅವಸರವಿಲ್ಲದೆ. ಮುಂದೆ ಆರ್ಕೆಸ್ಟ್ರಾ ಉಬ್ಬಿ ಬಂದಾಗ ಹಳೆಯ ಡಸ್ಟಿಯಾಗಿದ್ದರೆ ಅದರ ಜೊತೆಗೇ ಏರುತ್ತಿದ್ದಳು. ಇಲ್ಲಿ ಅರ್ಧ ಏರಿ ನಿಲ್ಲುತ್ತಾಳೆ. ಆ ಉಳಿಸಿಕೊಂಡ ಅರ್ಧವೇ ಹಾಡನ್ನು ಎಳೆದು ನಿಲ್ಲಿಸುತ್ತದೆ.

'ಐ ಡೋಂಟ್ ವಾಂಟ್ ಟು ಹಿಯರ್ ಇಟ್ ಎನಿಮೋರ್' ಇಡೀ ಆಲ್ಬಮ್ಮಿನ ಹೃದಯ. ಬರೆದವನು ರ‍್ಯಾಂಡಿ ನ್ಯೂಮನ್. ತೆಳ್ಳನೆಯ ಗೋಡೆಗಳ ವಠಾರದಂಥ ಕಟ್ಟಡ. ಪಕ್ಕದ ಮನೆಯವರು ಆಡಿಕೊಳ್ಳುವುದು ಹೆಣ್ಣೊಬ್ಬಳ ಕಿವಿಗೆ ಬೀಳುತ್ತಿದೆ: ಅವಳವನಿಗೆ ಅವಳ ಮೇಲೆ ಪ್ರೀತಿಯಿಲ್ಲ, ಪಾಪ, ಅವಳಿಗಿನ್ನೂ ಗೊತ್ತಿಲ್ಲ. ನಾಟಕ ಮಾಡಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವ ಗಾಯಕಿಗೂ ಸಿಗುವುದಿಲ್ಲ. ಡಸ್ಟಿ ನಾಟಕ ಮಾಡುವುದಿಲ್ಲ. ನೆರೆಯವರ ಮಾತನ್ನು ವರದಿ ಒಪ್ಪಿಸುವವಳ ಹಾಗೆ ಒಪ್ಪಿಸುತ್ತಾಳೆ. ಅವಮಾನಕ್ಕೆ ಒಳಗಾದವರು ಬೇರೆಯವರ ಎದುರು ಮಾತಾಡುವ ರೀತಿ ಅದು. ದನಿ ಒಡೆಯುವ ಜಾಗಕ್ಕೆ ಬಂದಾಗಲೆಲ್ಲ ಅದನ್ನು ಪಿಸುಮಾತಿನ ಕಡೆಗೆ ತಿರುಗಿಸುತ್ತಾಳೆ. ಆಕೆ ಒಂದೇ ಓಟದಲ್ಲಿ ಹಾಡದೆ ಸಾಲು ಸಾಲಾಗಿ, ಕೆಲವೊಮ್ಮೆ ಒಂದು ಪದವನ್ನೇ ಬಿಡಿಸಿಕೊಂಡು ರೆಕಾರ್ಡ್ ಮಾಡುತ್ತಿದ್ದಳೆಂದು ಜೊತೆಗೆ ಕೆಲಸ ಮಾಡಿದವರು ದೂರಿದ್ದಾರೆ. ದೂರು ನಿಜವಿರಬಹುದು. ಅದರ ಫಲ ಇಲ್ಲಿದೆ: ಪ್ರತಿ ಸಾಲಿನ ಉಸಿರೂ ಬೇರೆ.

'ಬ್ರೇಕ್‌ಫಾಸ್ಟ್ ಇನ್ ಬೆಡ್' ಇದಕ್ಕೆ ಜೋಡಿ. ಅತ್ತು ಮನೆ ಬಾಗಿಲಿಗೆ ಬಂದ ಗಂಡಸನ್ನು ಒಳಗೆ ಕರೆದುಕೊಳ್ಳುವ ಹೆಣ್ಣಿನ ಹಾಡು. ಆತ ಬೇರೊಬ್ಬಳಿಗೆ ಸೇರಿದವನೆಂದು ಅವಳಿಗೆ ಗೊತ್ತು. ನಡುವೆ ಡಸ್ಟಿಯದೇ 1966ರ ಹಿಟ್ ಹಾಡಿನ ಸಾಲು ನುಸುಳಿ ಬರುತ್ತದೆ. ಅಲ್ಲಿ ಕೂಗಿ ಬೇಡಿದ್ದನ್ನು ಇಲ್ಲಿ ಮಂದ್ರದಲ್ಲಿ, ನಗುವಿಗೂ ಸೋಲಿಗೂ ನಡುವಿನ ದನಿಯಲ್ಲಿ ಹೇಳಿಬಿಡುತ್ತಾಳೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ, ಈ ಎರಡು ವರ್ಷಗಳಲ್ಲಿ ಆಕೆ ಎಷ್ಟು ದೂರ ಬಂದಳೆಂದು ತಿಳಿಯುತ್ತದೆ.

ಎಲ್ಲರಿಗೂ ಗೊತ್ತಿರುವ 'ಸನ್ ಆಫ್ ಎ ಪ್ರೀಚರ್ ಮ್ಯಾನ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರೆಜಿ ಯಂಗ್‌ನ ಗಿಟಾರಿನ ಆರಂಭವೊಂದೇ ಸಾಕು. ಹಾಡನ್ನು ಮೊದಲು ಗಾಯಕಿ ಅರೀಥಾ ಫ್ರಾಂಕ್ಲಿನ್ನಳ ಮುಂದೆ ಇಟ್ಟಿದ್ದರು; ಸ್ವತಃ ಪಾದ್ರಿಯ ಮಗಳಾದ ಆಕೆ ಆಗ ಬೇಡವೆಂದು, ಆಮೇಲೆ ತಾನೂ ಹಾಡಿ 1970ರಲ್ಲಿ ಹೊರತಂದಳು. ಅರೀಥಾಳದು ದೊಡ್ಡ ಹಾಡುಗಾರಿಕೆ. ಡಸ್ಟಿಯದರಲ್ಲಿ ಗುಟ್ಟಿದೆ. ಕದ್ದು ಪ್ರೀತಿಸಿದ್ದನ್ನು ನೆನೆಸಿಕೊಳ್ಳುವ ಹಾಡಿಗೆ ಗುಟ್ಟೇ ಹೆಚ್ಚು ಒಪ್ಪುತ್ತದೆ.

ಇಲ್ಲಿ ಒಂದು ಮುಜುಗರದ ಪ್ರಶ್ನೆಯನ್ನು ಎದುರಿಸಬೇಕು. ಇದು ಯಾರ ಸಂಗೀತ? 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್‌ನನ್ನು ಗುಂಡಿಟ್ಟು ಕೊಂದದ್ದು ಇದೇ ಮೆಂಫಿಸ್ಸಿನಲ್ಲಿ. ಐದು ತಿಂಗಳ ನಂತರ ಅಲ್ಲಿ ತಯಾರಾದ, ಕಪ್ಪು ಜನರ ಸಂಗೀತವಾದ 'ಸೋಲ್' ಧಾಟಿಯ ಈ ಆಲ್ಬಮ್ಮಿನ ಗಾಯಕಿ ಬಿಳಿಯಳು, ಸ್ಟುಡಿಯೋದ ವಾದ್ಯಗಾರರು ಬಿಳಿಯರು, ಹಾಡುಗಳಲ್ಲಿ ಹಲವು ನ್ಯೂಯಾರ್ಕಿನ ವೃತ್ತಿಪರ ಬರಹಗಾರರವು. ವೆಕ್ಸ್ಲರ್ ಜೊತೆ ನಿರ್ಮಾಣಕ್ಕಿದ್ದ ಆರಿಫ್ ಮಾರ್ಡಿನ್ ಇಸ್ತಾಂಬುಲ್ಲಿನವನು, ಟಾಮ್ ಡೌಡ್ ನ್ಯೂಯಾರ್ಕಿನವನು. ಕಪ್ಪು ಹೆಂಗಸರಾದ ಸ್ವೀಟ್ ಇನ್‌ಸ್ಪಿರೇಷನ್ಸ್ ತಂಡ ಹಾಡಿದ್ದು ಹಿನ್ನೆಲೆಯಲ್ಲಿ. ಆಲ್ಬಮ್ಮಿನ ಚೆಲುವಿಗೆ ಮರುಳಾಗಿ ಇದನ್ನು ಮರೆಯುವ ಹಾಗಿಲ್ಲ. ಕಪ್ಪು ಗಾಯಕ ವಿಲ್ಸನ್ ಪಿಕೆಟ್ ನಿಂತು ಹಾಡಿದ ಜಾಗವಿದು ಎಂದು ಯಾರೋ ಹೇಳಿದ್ದಕ್ಕೇ ತನಗೆ ಗಂಟಲು ಕಟ್ಟಿತೆಂದು ಡಸ್ಟಿ ಆಮೇಲೆ ಹೇಳಿಕೊಂಡಿದ್ದಾಳೆ. ಇದನ್ನು ಹೇಡಿತನವೆಂದು ಓದುವವರು ಓದಲಿ. ಎರವಲು ತಂದ ಸಂಗೀತದ ಎದುರು ಆಗಬೇಕಾದ ಅಳುಕು ಎಂದೇ ನಾನು ಓದುತ್ತೇನೆ.

ಆ ಸಾಲವನ್ನು ಆಕೆ ಬಾಯಿಮಾತಿನಲ್ಲಿ ಒಪ್ಪಿ ಸುಮ್ಮನಾದವಳೂ ಅಲ್ಲ. 1964ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗುವಾಗ, ವರ್ಣಭೇದ ಮಾಡಿ ಕೂರಿಸಿದ ಸಭೆಗೆ ಹಾಡುವುದಿಲ್ಲ ಎಂಬ ಷರತ್ತನ್ನು ಕರಾರಿನಲ್ಲೇ ಬರೆಸಿದ್ದಳು. ಕೇಪ್‌ಟೌನ್ ಬಳಿ ಬಿಳಿಯರೂ ಕರಿಯರೂ ಬೆರೆತಿದ್ದ ಸಭೆಗೆ ಹಾಡಿದ ಮೇಲೆ ಅಲ್ಲಿನ ಸರ್ಕಾರ ಆಕೆಯನ್ನು ದೇಶದಿಂದ ಹೊರಗೆ ಹಾಕಿತು. ಮರುವರ್ಷ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿವಿಯಲ್ಲಿ 'ದ ಸೌಂಡ್ ಆಫ್ ಮೋಟೌನ್' ವಿಶೇಷ ಕಾರ್ಯಕ್ರಮ ಬಂತು. ಸುಪ್ರೀಮ್ಸ್, ಟೆಂಪ್ಟೇಷನ್ಸ್, ಸ್ಟೀವಿ ವಂಡರ್, ಮಾರ್ಥಾ ಮತ್ತು ವ್ಯಾಂಡೆಲ್ಲಾಸ್ ಇವರನ್ನೆಲ್ಲ ಬ್ರಿಟಿಷರ ಮನೆಯೊಳಕ್ಕೆ ಕರೆತಂದ ಆ ಕಾರ್ಯಕ್ರಮದ ನಿರೂಪಕಿ ಡಸ್ಟಿ. ತನ್ನ ಹೆಸರಿನ ಬಲದಿಂದ ತನ್ನ ಗುರುಗಳಿಗೆ ವೇದಿಕೆ ಕೊಡಿಸಿದ ಪಾಪ್ ತಾರೆಗಳು ಆಗ ಹೆಚ್ಚಿರಲಿಲ್ಲ.  

ಆಲ್ಬಮ್ಮಿನಲ್ಲಿ ಹುಳುಕಿಲ್ಲ ಎನ್ನುವವರ ಜೊತೆ ನಾನಿಲ್ಲ. 'ದ ವಿಂಡ್‌ಮಿಲ್ಸ್ ಆಫ್ ಯುವರ್ ಮೈಂಡ್' ಅಲ್ಲಿ ಯಾಕಿದೆಯೋ ತಿಳಿಯದು. ಮಿಷೆಲ್ ಲೆಗ್ರಾಂಡ್‌ನ ಸಿನಿಮಾ ಹಾಡು, ಸುತ್ತಿ ಸುತ್ತಿ ಬರುವ ರೂಪಕಗಳ ಸರಮಾಲೆ. ಡಸ್ಟಿಯ ದನಿಗೆ ಎದುರಿಗೊಬ್ಬ ಮನುಷ್ಯ ಬೇಕು: ಬೇಡಲು, ಕ್ಷಮಿಸಲು, ಸುಳ್ಳು ಹೇಳಲು. ಈ ಹಾಡಿನಲ್ಲಿ ಯಾರೂ ಇಲ್ಲ, ಆಕೆ ಚೆಂದವಾಗಿ ಹಾಡಿ ಸುಮ್ಮನಾಗುತ್ತಾಳೆ. ಬಕರಾಕ್ ಮತ್ತು ಡೇವಿಡ್ ಬರೆದ 'ಇನ್ ದ ಲ್ಯಾಂಡ್ ಆಫ್ ಮೇಕ್ ಬಿಲೀವ್' ಕೂಡ ಸಕ್ಕರೆ ಹೆಚ್ಚಾದ ತುಣುಕು. ಆದರೆ ಅದರ ಬೆನ್ನಿಗೇ 'ನೋ ಈಸಿ ವೇ ಡೌನ್' ಬಂದು ಬಾಯಿರುಚಿ ಸರಿಮಾಡುತ್ತದೆ.

1969ರಲ್ಲಿ ಬಿಡುಗಡೆಯಾದಾಗ ಜನ ಕೊಳ್ಳಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 99ಕ್ಕಿಂತ ಮೇಲೇರಲಿಲ್ಲ. ಬ್ರಿಟನ್ನಿನ ಆಲ್ಬಂ ಪಟ್ಟಿಯನ್ನು ಮುಟ್ಟಲೇ ಇಲ್ಲ. ಮುಂದಿನ ಹದಿನೈದು ವರ್ಷಗಳ ಕಥೆ ಬೇಗ ಹೇಳಿ ಮುಗಿಸುವಂಥದು. 1970ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ, ಗಂಡಿನ ಹಾಗೆ ಹೆಣ್ಣಿನ ಕಡೆಗೂ ತನ್ನ ಮನಸ್ಸು ಹೋಗಬಲ್ಲದು ಎಂಬರ್ಥದ ಮಾತು ಹೇಳಿದಳು. ಆ ಕಾಲದ ಬ್ರಿಟನ್ನಿನ ಜನಪ್ರಿಯ ತಾರೆಯೊಬ್ಬಳು ಹೀಗೆ ಹೇಳುವುದಕ್ಕೆ ಎದೆಗಾರಿಕೆ ಬೇಕಿತ್ತು. ಅಮೆರಿಕಕ್ಕೆ ಹೋಗಿ ನೆಲೆಸಿದಳು. ಕುಡಿತ, ಮಾದಕ ವಸ್ತು, ಆಸ್ಪತ್ರೆ, ಅರ್ಧಕ್ಕೇ ಕೈಬಿಟ್ಟ ಆಲ್ಬಂ. ಈ ಸಂಕಟದಲ್ಲೇ ಆಕೆಯ ಹಾಡಿನ ಅರ್ಥ ಹುಡುಕುವ ಜೀವನಚರಿತ್ರೆಕಾರರ ಚಟ ನನಗೆ ಹಿಡಿಸುವುದಿಲ್ಲ. ಮೆಂಫಿಸ್ ಆಲ್ಬಂ ಬಂದದ್ದು ಆ ಕುಸಿತಕ್ಕೆ ಮೊದಲು, ದುಡಿಮೆಯ ಉತ್ತುಂಗದಲ್ಲಿ.

1987ರಲ್ಲಿ ಪೆಟ್ ಶಾಪ್ ಬಾಯ್ಸ್ ತಂಡದ ಇಬ್ಬರು ಹುಡುಗರು ಆಕೆಯೇ ಬೇಕೆಂದು ಪಟ್ಟು ಹಿಡಿದು ಕರೆತಂದರು. 'ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್?' ಬ್ರಿಟನ್, ಅಮೆರಿಕ ಎರಡೂ ಕಡೆ 2ನೆಯ ಸ್ಥಾನಕ್ಕೇರಿತು. ಯಂತ್ರದ ತಾಳಗಳ ನಡುವೆ ಆಕೆ ಬಾಯಿ ತೆರೆದ ಕೂಡಲೇ ಹಾಡಿಗೆ ಮೈ ಬೆಚ್ಚಗಾಗುತ್ತದೆ. 1994ರಲ್ಲಿ ಟ್ಯಾರಂಟಿನೊ 'ಪಲ್ಪ್ ಫಿಕ್ಷನ್' ಸಿನಿಮಾದಲ್ಲಿ ಪ್ರೀಚರ್ ಮ್ಯಾನ್ ಹಾಡನ್ನು ಬಳಸಿದ ಮೇಲೆ ಹೊಸ ತಲೆಮಾರು ಮೆಂಫಿಸ್ ಆಲ್ಬಮ್ಮನ್ನು ಹುಡುಕಿಕೊಂಡು ಬಂತು. ಅದೇ ವರ್ಷ ಆಕೆಗೆ ಸ್ತನದ ಕ್ಯಾನ್ಸರ್ ಇರುವುದು ತಿಳಿಯಿತು. 1999ರ ಮಾರ್ಚ್ 2ರಂದು, 59ನೆಯ ವಯಸ್ಸಿನಲ್ಲಿ ತೀರಿಕೊಂಡಳು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯ ಹೆಸರನ್ನು ಸೇರಿಸಿಕೊಂಡ ಸಮಾರಂಭ ನಡೆದದ್ದು ಅದಾಗಿ ಎರಡು ವಾರದೊಳಗೆ. 2020ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಆಲ್ಬಮ್ಮನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ಹೊಸದಾಗಿ ಕೇಳುವವರು ಪ್ರೀಚರ್ ಮ್ಯಾನ್‌ನಿಂದ ಶುರು ಮಾಡುವುದು ಬೇಡ, ಅದು ಹೇಗೂ ಕಿವಿಗೆ ಬಿದ್ದೇ ಬೀಳುತ್ತದೆ. ರ‍್ಯಾಂಡಿ ನ್ಯೂಮನ್ನನ ಆ ತೆಳುಗೋಡೆಯ ಹಾಡಿನಿಂದ ಶುರು ಮಾಡಿ. ಅದು ಹಿಡಿಸದಿದ್ದರೆ ಉಳಿದ ಹತ್ತು ಹಾಡುಗಳ ಗೊಡವೆ ಬೇಡ.