ಫಿಶರ್ ಮೇಷ್ಟ್ರು ಹೇಳಿಕೊಡದ ಪಾಠ

ಚೆಸ್ ನನಗೆ ಕಲಿಸಿದ್ದು ಅಪ್ಪ, ಊರಿನ ಮನೆಯ ಜಗಲಿ ಮೇಲೆ. ಕಾಲಾಳು ಮೊದಲ ಸಲವೂ ಒಂದೇ ಮನೆ ನಡೀಬೇಕು ಅನ್ನೋ ಹಳೇ ಕಾಲದ ಆಟ ಅದು. ಅಪ್ಪನನ್ನು ನಾಲ್ಕು ಸಲ ಸೋಲಿಸಿದ ಧೈರ್ಯದಲ್ಲಿ ಬೆಂಗಳೂರಿನ ಆಫೀಸಲ್ಲಿ ಊಟದ ಹೊತ್ತಿಗೆ ಒಬ್ಬ ಸಹೋದ್ಯೋಗಿ ಎದುರು ಕೂತೆ. ಅನ್ನ ಆರುವ ಮುಂಚೆ ಆಟ ಮುಗೀತು.

ಆಮೇಲೆ ನಾವೆಲ್ಲ ಮಾಡೋದನ್ನೇ ಮಾಡಿದೆ. ಯೂಟ್ಯೂಬಲ್ಲಿ ಸಿಸಿಲಿಯನ್, ಲಂಡನ್ ಅಂತ ತಿಂಗಳುಗಟ್ಟಲೆ ಓಪನಿಂಗ್ ನೋಡಿದೆ. ಮೊದಲ ಎಂಟು ನಡೆ ಚೆಂದ ಆಡಿ ಒಂಬತ್ತನೆಯದಕ್ಕೆ ಕುದುರೆ ಕಳ್ಕೊಳ್ತಿದ್ದೆ, ಅಷ್ಟೇ ವ್ಯತ್ಯಾಸ.

ಆಗ ಸಿಕ್ಕಿದ್ದು 'ಬಾಬಿ ಫಿಶರ್ ಟೀಚಸ್ ಚೆಸ್'. ಸ್ಟುವರ್ಟ್ ಮಾರ್ಗುಲೀಸ್, ಡಾನ್ ಮೋಸೆನ್‌ಫೆಲ್ಡರ್ ಜೊತೆ ಸೇರಿ ಫಿಶರ್ 1966ರಲ್ಲಿ ತಂದ ಪುಸ್ತಕ. ಇದರಲ್ಲಿ ಓಪನಿಂಗ್ ಪಾಠ ಇಲ್ಲ, ಉದ್ದುದ್ದ ವಿವರಣೆಯೂ ಇಲ್ಲ. ಒಂದು ಚಿತ್ರ, ಒಂದು ಪ್ರಶ್ನೆ. ಯೋಚಿಸಿ ಪುಟ ತಿರುಗಿಸಿದರೆ ಉತ್ತರ. ಬಲಗಡೆ ಪುಟಗಳನ್ನಷ್ಟೇ ಓದುತ್ತಾ ಕೊನೆ ಮುಟ್ಟಿ, ಪುಸ್ತಕವನ್ನು ತಲೆಕೆಳಗು ಮಾಡಿ ವಾಪಸ್ ಬರಬೇಕು. ವಿಡಿಯೋ ನೋಡುವಾಗ ತಲೆ ಆಡಿಸಿದರೆ ಸಾಕು. ಇಲ್ಲಿ ತಲೆ ಓಡಿಸದೆ ಮುಂದಿನ ಪುಟಕ್ಕೆ ಹೋಗಕ್ಕೆ ನಾಚಿಕೆ ಆಗುತ್ತೆ.

ಪುಸ್ತಕದ ಬಹುಪಾಲು ಒಂದೇ ವಿಷಯದ ಸುತ್ತ ತಿರುಗುತ್ತೆ. ಕೊನೇ ಸಾಲಲ್ಲಿ ರಾಜ, ಮುಂದೆ ಅವನದೇ ಮೂರು ಕಾಲಾಳು. ಎದುರಾಳಿಯ ಆನೆ ಆ ಸಾಲಿಗೆ ನುಗ್ಗಿದರೆ ರಾಜನಿಗೆ ಓಡಕ್ಕೆ ಜಾಗವೇ ಇಲ್ಲ, ಕಾವಲುಗಾರರೇ ಗೋಡೆ. ಆಫೀಸಲ್ಲಿ ನಾನು ಸೋತದ್ದು ಹೀಗೇ ಅಂತ ಆವತ್ತು ಗೊತ್ತಾಯ್ತು. ತಡೆಯುವ ಕಾಯಿಯನ್ನು ಆಮಿಷ ಒಡ್ಡಿ ಜಾಗ ಬಿಡಿಸುವುದನ್ನೂ ಪುಸ್ತಕ ಹಂತಹಂತವಾಗಿ ಕಲಿಸುತ್ತೆ. ಈ ಒಂದು ವಿಷಯವನ್ನು ಇಷ್ಟು ಗಟ್ಟಿಯಾಗಿ ತಲೆಗೆ ಕೂರಿಸಿದ ಪುಸ್ತಕ ನಾನು ಬೇರೆ ಓದಿಲ್ಲ.

ಆದರೂ ಒಂದು ದೊಡ್ಡ ತಕರಾರು. ಪ್ರತಿ ಪುಟವೂ 'ಇಲ್ಲೇನೋ ಇದೆ, ಹುಡುಕು' ಅಂತ ಮೊದಲೇ ಹೇಳಿಬಿಡುತ್ತೆ. ನಿಜವಾದ ಆಟದಲ್ಲಿ ಹಾಗೆ ಹೆಗಲು ತಟ್ಟಿ ಹೇಳೋರು ಯಾರು? ಪ್ರೊಡಕ್ಷನ್‌ನಲ್ಲಿ ಬಗ್ ಯಾವ ಸಾಲಲ್ಲಿದೆ ಅಂತ ಯಾರಾದರೂ ಗುರುತು ಹಾಕಿ ಕೊಡ್ತಾರಾ? ಅದೂ ಅಲ್ಲದೆ ನಮ್ಮಂಥವರು ಹೆಚ್ಚಾಗಿ ಸೋಲೋದು ಮೇಟ್ ಕಾಣದೆ ಅಲ್ಲ, ಕಾಯಿಗಳನ್ನು ಪುಕ್ಕಟೆ ಕೊಟ್ಟು. ಪುಸ್ತಕ ಮುಗಿಸಿದ ವಾರವೇ ನಾನು ಮಂತ್ರಿಯನ್ನು ದಾನ ಮಾಡಿದೆ. ಕೊನೇ ಸಾಲಿನ ಮೇಟ್ ಹುಡುಕುವ ಭರದಲ್ಲಿ ಎದುರಾಳಿ ಏನು ಮಾಡ್ತಿದ್ದಾನೆ ಅಂತ ನೋಡಿರಲೇ ಇಲ್ಲ.

ಹಾಗಾಗಿ ಪುಸ್ತಕ ಖಂಡಿತ ಕೊಳ್ಳಿ, ಆದರೆ ಅದೊಂದೇ ಸಾಕು ಅಂದ್ಕೋಬೇಡಿ. ಅದು ಬಿಟ್ಟಿರುವ ಪಾಠ ನನಗೆ ಹೋದ ಹಬ್ಬಕ್ಕೆ ಊರಿಗೆ ಹೋದಾಗ ಸಿಕ್ತು. ಅಪ್ಪ ಪ್ರತಿ ಸಲ ಕೈ ಎತ್ತುವ ಮುಂಚೆ ನನ್ನ ಕಾಯಿ ನೋಡಿ, 'ಇದ್ಯಾಕೆ ಈಗ ಇಲ್ಲಿಗೆ ಬಂತು?' ಅಂತ ತನ್ನಷ್ಟಕ್ಕೆ ಗೊಣಗ್ತಿದ್ದ. ಚಿಕ್ಕವನಿದ್ದಾಗ, ಬೇಗ ಆಡಪ್ಪ ಅಂತ ಇದಕ್ಕೇ ರೇಗ್ತಿದ್ದೆ. ಈಗ ಆಫೀಸಲ್ಲಿ ನಾನೂ ಹಾಗೇ ಗೊಣಗ್ತೀನಿ. ಸಹೋದ್ಯೋಗಿ ನಗ್ತಾನೆ; ಆದರೆ ಊಟ ಈಗ ಆರಿದ ಮೇಲೇ.