ಪ್ರಹೇಲಿಕೆಯೂ ರಸವೂ: ಹಳೆಯ ಪತ್ತೇದಾರಿ ಗಣಕಕ್ರೀಡೆಗಳ ವಿಚಾರ

ಪತ್ತೇದಾರಿ ಕಥೆಯೊಂದನ್ನು ಓದಿ ಮುಗಿಸಿದವನು ಅದನ್ನು ಮರಳಿ ಕೈಗೆತ್ತಿಕೊಳ್ಳುವುದು ಅಪೂರ್ವ. ಕೊಲೆಗಾರನಾರೆಂಬುದು ತಿಳಿದೊಡನೆಯೇ ಔತ್ಸುಕ್ಯವು ಅಡಗುವುದು. ಅದು ಅಡಗಿದ ಮೇಲೆ ಗ್ರಂಥದಲ್ಲಿ ಉಳಿಯುವುದು ಅತ್ಯಲ್ಪ. ಆಲಂಕಾರಿಕರು ಔತ್ಸುಕ್ಯವನ್ನು ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಎಣಿಸಿದರೇ ಹೊರತು ಸ್ಥಾಯಿಗಳ ಸಾಲಿನಲ್ಲಿ ಕುಳ್ಳಿರಿಸಲಿಲ್ಲ. ಬಂದು ಹೋಗುವುದೇ ಅದರ ಸ್ವಭಾವ. ಹೀಗಿರಲು, ೧೯೮೫ರಿಂದ ೧೯೯೯ರ ವರೆಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ರಚಿತವಾದ ಕೆಲವು ಪತ್ತೇದಾರಿ ಗಣಕಕ್ರೀಡೆಗಳು, ತಮ್ಮ ರಹಸ್ಯಗಳೆಲ್ಲ ಬಯಲಾಗಿ ದಶಕಗಳು ಕಳೆದಿದ್ದರೂ, ಇಂದಿಗೂ ಆಡಲ್ಪಡುತ್ತಿರುವುದು ವಿಚಾರಾರ್ಹವಾದ ಸಂಗತಿ. ಅವು ಯಾವ ಯಂತ್ರಗಳಿಗಾಗಿ ಹುಟ್ಟಿದುವೋ ಆ ಯಂತ್ರಗಳು ಮೂಲೆ ಸೇರಿವೆ. ಅಂತಹ ಆಟಗಳನ್ನು ಹೊಸ ಯಂತ್ರಗಳಲ್ಲಿ ನಡೆಯಿಸುವುದಕ್ಕೆಂದೇ ೨೦೦೧ರಲ್ಲಿ ಸ್ಕಮ್‌ವಿಎಂ ಎಂಬ ಸಾಧನವೊಂದು ಹುಟ್ಟಿತು. ಸ್ವಯಂಸೇವಕರು ಅದನ್ನು ಬೆಳೆಯಿಸುತ್ತ ಬಂದಿರುವರು. ಜೀರ್ಣವಾದ ಓಲೆಯಿಂದ ಹೊಸ ಓಲೆಗೆ ಪ್ರತಿಯೆತ್ತುವ ಲಿಪಿಕಾರನ ಶ್ರಮಕ್ಕೂ ಇದಕ್ಕೂ ಜಾತಿಭೇದವಿಲ್ಲ. ಆದರೆ ಲಿಪಿಕಾರನು ಪ್ರತಿಯೆತ್ತುವುದು ಪುನಃ ಓದಲ್ಪಡುವ ಗ್ರಂಥವನ್ನು. ಒಮ್ಮೆ ಬಿಡಿಸಿದ ಒಗಟನ್ನು ಪುನಃ ಬಿಡಿಸಬೇಕೆಂದು ಯಾರು ಬಯಸುವರು?

ಆಟದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ತೆರೆಯ ಮೇಲೆ ಒಂದು ಚಿತ್ರವಿರುವುದು: ಕೋಣೆ, ಬೀದಿ ಅಥವಾ ಸ್ಮಶಾನ. ಕೈಯಲ್ಲಿರುವ ಮೌಸ್ ಎಂಬ ಉಪಕರಣವನ್ನು ಸರಿಸಿದಂತೆ ಒಂದು ಬಾಣವು ಚಿತ್ರದ ಮೇಲೆ ಸರಿಯುವುದು. ಬಾಣವನ್ನು ಒಂದು ಪದಾರ್ಥದ ಮೇಲಿಟ್ಟು ಗುಂಡಿಯನ್ನೊತ್ತಿದರೆ ಆ ಪದಾರ್ಥವು ತನ್ನ ವಿಷಯವನ್ನು ತಿಳಿಸುವುದು, ಅಥವಾ ಕೈಚೀಲವನ್ನು ಸೇರುವುದು. ಪಾಯಿಂಟ್ ಅಂಡ್ ಕ್ಲಿಕ್ ಎಂಬ ಹೆಸರು ಬಂದುದು ಇದರಿಂದಲೇ. ೧೯೭೬-೭೭ರಲ್ಲಿ ಕ್ರೌದರ್ ಮತ್ತು ವುಡ್ಸ್ ಎಂಬವರು ರಚಿಸಿದ ಗುಹಾಪ್ರವೇಶದ ಆಟದಲ್ಲಿ ಚಿತ್ರವೇ ಇರಲಿಲ್ಲ, ಎಲ್ಲವೂ ಅಕ್ಷರರೂಪ. ೧೯೮೦ರಲ್ಲಿ ರಾಬರ್ಟಾ ವಿಲಿಯಮ್ಸ್ ಮತ್ತು ಕೆನ್ ವಿಲಿಯಮ್ಸ್ ದಂಪತಿಗಳ 'ಮಿಸ್ಟರಿ ಹೌಸ್' ಗೆರೆಚಿತ್ರಗಳನ್ನು ತಂದಿತಾದರೂ ಆಜ್ಞೆಗಳನ್ನು ಬೆರಳಚ್ಚು ಮಾಡಿಯೇ ಕೊಡಬೇಕಾಗಿತ್ತು. ೧೯೮೫ರ 'ದೇಜಾ ವೂ' ಮೌಸನ್ನು ಮುಂದುಮಾಡಿತು. ೧೯೮೭ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ಕರ 'ಮೇನಿಯಾಕ್ ಮ್ಯಾನ್ಷನ್' ಕ್ರಿಯಾಪದಗಳನ್ನೆಲ್ಲ ತೆರೆಯ ಕೆಳಭಾಗದಲ್ಲಿ ಪಟ್ಟಿ ಮಾಡಿತು. ಆಡುವವನು ಒಂದು ಧಾತುವನ್ನಾರಿಸಿ, ಅದಕ್ಕೆ ಕರ್ಮವನ್ನೂ ಕರಣವನ್ನೂ ಕೂಡಿಸಿ, 'ಕೀಲಿಕೈಯಿಂದ ಬಾಗಿಲನ್ನು ತೆರೆ' ಎಂಬಂತಹ ವಾಕ್ಯವನ್ನು ಸ್ವತಃ ಕಟ್ಟಬೇಕು. ಕಾರಕಪ್ರಕರಣವು ಇಷ್ಟು ಜನರ ವಿನೋದಕ್ಕೆ ಒದಗೀತೆಂದು ವೈಯಾಕರಣರು ಎಣಿಸಿರಲಾರರು.

ಈ ಆಟಗಳ ಆಕರ್ಷಣೆಗೆ ಬಾಲ್ಯಸ್ಮರಣೆಯೇ ಕಾರಣವೆಂದು ಹೇಳುವವರುಂಟು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಆಡಿದುದನ್ನು ನಲುವತ್ತರಲ್ಲಿ ನೆನೆದು ಕರಗುವುದು ಮನುಷ್ಯಸ್ವಭಾವವೆಂಬುದು ಅವರ ಪಕ್ಷ. ಇದು ಅರ್ಧಸತ್ಯ. ಸ್ಮೃತಿಯೇ ಹೇತುವಾಗಿದ್ದರೆ ಆ ಕಾಲದ ಆಟಗಳೆಲ್ಲವೂ ಸಮನಾಗಿ ಪ್ರಿಯವಾಗಬೇಕಾಗಿತ್ತು; ನೂರರಲ್ಲಿ ಕೆಲವು ಮಾತ್ರ ಉಳಿದು ಮಿಕ್ಕವು ಮರೆತುಹೋದುದಕ್ಕೆ ಸ್ಮೃತಿವಾದದಲ್ಲಿ ಸಮಾಧಾನವಿಲ್ಲ. ಆಟಗಳು ಪ್ರಕಟವಾದ ತರುವಾಯ ಹುಟ್ಟಿದವರೂ ಅವುಗಳಲ್ಲಿ ರುಚಿಗಾಣುವುದು ಆ ಪಕ್ಷಕ್ಕೆ ಮತ್ತೊಂದು ಬಾಧಕ.

ಪ್ರಶ್ನೆಯನ್ನು ಶಾಸ್ತ್ರದ ನೆಲೆಯಲ್ಲಿಟ್ಟರೆ ದಾರಿ ಕಾಣುವುದು. ಒಗಟಿಗೆ ಕಾವ್ಯಲೋಕದಲ್ಲಿ ಸ್ಥಾನವಿದೆಯೇ ಎಂಬ ವಿವಾದವು ಪುರಾತನವಾದುದು. ದಂಡಿಯು ಕಾವ್ಯಾದರ್ಶದ ಕಡೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಲಿಕೆಗಳನ್ನು ವಿವರಿಸಿ, ವಿನೋದಗೋಷ್ಠಿಗಳಲ್ಲಿಯೂ ಜನರ ನಡುವೆ ಗುಟ್ಟಾಗಿ ಮಾತಾಡುವಲ್ಲಿಯೂ ಅವು ಉಪಯುಕ್ತವೆಂದನು. ವಿಶ್ವನಾಥನಾದರೋ ಸಾಹಿತ್ಯದರ್ಪಣದಲ್ಲಿ ಪ್ರಹೇಲಿಕೆಯು ರಸಕ್ಕೆ ಅಡ್ಡಬರುವುದಾದ್ದರಿಂದ ಅಲಂಕಾರವೇ ಅಲ್ಲವೆಂದು ತಳ್ಳಿಹಾಕಿದನು. ಅವನ ಆಕ್ಷೇಪವು ಗಟ್ಟಿಯಾದುದು: ಬುದ್ಧಿಯು ಗಂಟು ಬಿಚ್ಚುವುದರಲ್ಲಿ ತೊಡಗಿರುವಾಗ ಹೃದಯವು ಕರಗುವುದೆಂತು? ಪತ್ತೇದಾರಿ ಆಟವು ಮೊದಲಿನಿಂದ ಕಡೆಯ ವರೆಗೆ ಗಂಟುಗಳ ಮಾಲೆ. ವಿಶ್ವನಾಥನ ಮಾತು ಎಲ್ಲ ಕಡೆಯಲ್ಲಿಯೂ ಸಲ್ಲುವುದಾದರೆ ಈ ಪ್ರಕಾರದಲ್ಲಿ ರಸವು ಅಸಂಭವ. ರಸವಿಲ್ಲದಿದ್ದರೆ ಪುನರಾವೃತ್ತಿಯೂ ಅಸಂಭವ. ಪುನರಾವೃತ್ತಿಯಿರುವುದು ಪ್ರತ್ಯಕ್ಷ. ಆದುದರಿಂದ ಒಗಟು ರಸವನ್ನು ತಡೆಯದೆ ಅದಕ್ಕೆ ಒದಗುವ ಒಂದು ಪ್ರಕಾರವಿರಲೇಬೇಕು. ಅದು ಯಾವುದೆಂಬುದೇ ಇಲ್ಲಿ ವಿಚಾರ್ಯ.

೧೯೯೩ರಲ್ಲಿ ಸಿಯೆರಾ ಸಂಸ್ಥೆಯ ಮೂಲಕ ಪ್ರಕಟವಾದ ಜೇನ್ ಜೆನ್ಸನ್ ಎಂಬಾಕೆಯ 'ಗೇಬ್ರಿಯಲ್ ನೈಟ್: ಸಿನ್ಸ್ ಆಫ್ ದ ಫಾದರ್ಸ್' ಇದಕ್ಕೆ ಉತ್ತಮ ಲಕ್ಷ್ಯ. ನಾಯಕನು ನ್ಯೂ ಆರ್ಲಿಯನ್ಸ್ ನಗರದಲ್ಲಿ ಹಳೆಯ ಪುಸ್ತಕಗಳ ಅಂಗಡಿಯಿಟ್ಟುಕೊಂಡಿರುವ, ಹೆಸರು ಮಾಡದ ಕಾದಂಬರಿಕಾರ. ಊರಿನಲ್ಲಿ ವೂಡೂ ಆಚಾರದ ಗುರುತುಗಳನ್ನು ಬಿಟ್ಟ ಕೊಲೆಗಳು ಸಾಲಾಗಿ ನಡೆಯುತ್ತಿವೆ. ಮುಂದಿನ ಗ್ರಂಥಕ್ಕೆ ವಸ್ತು ಸಿಕ್ಕೀತೆಂಬ ಆಸೆಯಿಂದ ಅವನು ಹುಡುಕತೊಡಗುವನು. ಕಥೆಯು ಹತ್ತು ದಿನಗಳಾಗಿ ಹಂಚಲ್ಪಟ್ಟಿದೆ. ಆ ದಿನ ತಿಳಿಯಬೇಕಾದುದೆಲ್ಲವೂ ತಿಳಿಯುವ ತನಕ ಸೂರ್ಯನು ಮುಳುಗುವುದಿಲ್ಲ. ಆಡುವವನು ತಡೆದು ನಿಂತರೆ ಊರೂ ಅವನೊಡನೆ ನಿಲ್ಲುವುದು. ಅವನು ಜಾಕ್ಸನ್ ಚೌಕದಲ್ಲಿ ಸುತ್ತುವನು, ಸ್ಮಶಾನದಲ್ಲಿ ಮರೀ ಲಾವೋ ಎಂಬಾಕೆಯ ಗೋರಿಯ ಮೇಲಿನ ಗೀರುಗಳನ್ನು ನೋಡುವನು, ಅಂಗಡಿಗೆ ಮರಳಿ ಸಹಾಯಕಿಯಾದ ಗ್ರೇಸಳ ಕೊಂಕುಮಾತನ್ನು ಕೇಳುವನು, ಪುನಃ ಚೌಕಕ್ಕೆ ಹೋಗುವನು. ಕಾದಂಬರಿಯಲ್ಲಾದರೆ ಚೌಕದ ವರ್ಣನೆಗೆ ಒಂದು ಪುಟ. ಓದುಗನು ಅವಸರವಿದ್ದರೆ ಅದನ್ನೂ ಹಾರಿಸುವನು. ಇಲ್ಲಿ ಹಾರಿಸುವುದಕ್ಕೆ ಎಡೆಯಿಲ್ಲ. ಒಗಟು ಅವನ ಕಾಲನ್ನು ಹಿಡಿದು ನಿಲ್ಲಿಸಿ, ಉದ್ದೀಪನವಿಭಾವವನ್ನು ನೂರು ಸಲ ಕಣ್ಣಿಗೆ ಒಡ್ಡುವುದು. ಚೌಕದಲ್ಲಿ ಡೋಲು ಬಡಿಯುವವನ ಶಬ್ದವು ಮೊದಲ ದಿನ ಅಲಂಕಾರಮಾತ್ರ. ಅದೊಂದು ಸಂದೇಶವೆಂದು ತಿಳಿದ ಮೇಲೆ ಅದೇ ಶಬ್ದವು ಬೆನ್ನು ನಡುಗಿಸುವುದು. ನಿತ್ಯವೂ ಹಾದುಹೋಗುವ ಬೀದಿಯೇ ಭಯಾನಕಕ್ಕೆ ಆಶ್ರಯವಾದುದು ಆ ವಿಳಂಬದಿಂದ.

ಗೋರಿಯ ಗೀರುಗಳ ಪ್ರಸಂಗವನ್ನು ಗಮನಿಸತಕ್ಕದ್ದು. ಅವು ಒಂದು ಗುಪ್ತಲಿಪಿ. ಆಡುವವನು ಅದನ್ನು ಬಿಡಿಸಬೇಕು. ಅಷ್ಟರಿಂದ ಮುಗಿಯಲಿಲ್ಲ, ಮುಂದೊಂದು ದಿನ ಅದೇ ಲಿಪಿಯಲ್ಲಿ ತಾನೇ ಒಂದು ಸುಳ್ಳು ಸಂದೇಶವನ್ನು ಬರೆಯಬೇಕು. ಓದಲು ಕಲಿತವನು ಬರೆಯುವವನಾದಾಗ ಅವನು ಆ ಗುಪ್ತಸಮಾಜದ ಹೊರಗಿನವನಾಗಿ ಉಳಿಯಲಿಲ್ಲ. ಪಾಪದ ಒಂದು ಪಾಲು ಅವನ ಕೈಗೂ ಅಂಟಿತು. ಪುಸ್ತಕದ ಪತ್ತೇದಾರನು ಎಷ್ಟೇ ಚತುರನಾಗಿರಲಿ, ಓದುಗನ ಕೈಯನ್ನು ಹೀಗೆ ಮಲಿನಗೊಳಿಸಲಾರನು.

ಇನ್ನು ರಹಸ್ಯದ ಮಾತು. ಕೊಲೆಗಳ ಹಿಂದಿರುವವಳು ಮಾಲಿಯಾ ಗೆಡ್ಡೆ, ನಾಯಕನು ಪ್ರೀತಿಸಿದವಳು. ಪೂರ್ವಿಕರ ಪ್ರೇತವೊಂದು ಅವಳನ್ನು ಹಿಡಿದಿದೆ. ಮೊದಲನೆಯ ದಿನವೇ ಕೊಲೆ ನಡೆದ ಸರೋವರತೀರದಲ್ಲಿ ಅವಳು ಕಾರಿನಲ್ಲಿ ಕಾಣಿಸಿಕೊಳ್ಳುವಳು. ಪ್ರಥಮಾವೃತ್ತಿಯಲ್ಲಿ ಆ ದೃಶ್ಯವು ಕುತೂಹಲಕ್ಕೂ ಶೃಂಗಾರದ ಅಂಕುರಕ್ಕೂ ಕಾರಣ. ದ್ವಿತೀಯಾವೃತ್ತಿಯಲ್ಲಿ ಎಲ್ಲವನ್ನೂ ಬಲ್ಲವನು ನೋಡುವಾಗ ಅದು ಕರುಣ. ಔತ್ಸುಕ್ಯವು ಹೋಯಿತು, ಆದರೆ ಅದು ಹೋದ ಜಾಗದಲ್ಲಿ ಶೂನ್ಯವಿಲ್ಲ. ಉಳಿಯುವ ಆಟಕ್ಕೂ ಅಳಿಯುವ ಆಟಕ್ಕೂ ಇರುವ ಭೇದವು ಇದೇ: ರಹಸ್ಯವು ತಿಳಿದ ಮೇಲೆ ಮೊದಲ ದೃಶ್ಯದ ಅರ್ಥವು ಬೆಳೆಯಬೇಕು, ಮುಗಿದುಹೋಗಬಾರದು.

ವಿಶ್ವನಾಥನ ಆಕ್ಷೇಪವು ಸಲ್ಲುವ ಸ್ಥಳವೂ ದೂರವಿಲ್ಲ. ಅದೇ ಕರ್ತೃವಿನ ಮೂರನೆಯ ಗೇಬ್ರಿಯಲ್ ನೈಟ್ ಆಟದಲ್ಲಿಯೇ (೧೯೯೯) ಇದೆ. ಫ್ರಾನ್ಸಿನ ರೆನ್ ಲ ಶಾತೋ ಎಂಬ ಗ್ರಾಮದಲ್ಲಿ ನಾಯಕನಿಗೆ ಬಾಡಿಗೆಯ ಮೋಟಾರುಸೈಕಲ್ಲು ಬೇಕು. ಅದಕ್ಕಾಗಿ ಮಿತ್ರನ ವೇಷ ಧರಿಸಬೇಕು. ಬಾಗಿಲ ಕಿಂಡಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕಿಗೆ ನೀರೆರಚಿ ಅದರ ಮೂಲಕ ಓಡಿಸಿ, ಅಂಟಿಕೊಂಡ ಕೂದಲನ್ನು ಸಕ್ಕರೆಪಾಕದಿಂದ ತುಟಿಯ ಮೇಲೆ ಮೆತ್ತಿಕೊಂಡು ಮೀಸೆ ಮಾಡಿಕೊಳ್ಳತಕ್ಕದ್ದು! ಆ ಮಿತ್ರನಿಗಾದರೂ ಮೀಸೆಯಿದೆಯೇ? ಇಲ್ಲ. ಅವನ ರಹದಾರಿಯ ಭಾವಚಿತ್ರದ ಮೇಲೆ ಮಸಿಯಿಂದ ಮೀಸೆ ಬರೆಯಬೇಕು. ಇದು ಕಠಿನವೆಂಬುದು ದೋಷವಲ್ಲ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವವನಿಗೆ ಅವೆರಡರ ಸಂಬಂಧವು ಅಡುಗೆಮನೆಯಲ್ಲಿ ಮೊದಲೇ ತಿಳಿದಿರುವುದು, ವ್ಯಾಪ್ತಿಜ್ಞಾನವಿಲ್ಲದೆ ಅನುಮಾನವಿಲ್ಲ. ಬೆಕ್ಕಿನ ಕೂದಲಿಗೂ ಮೋಟಾರುಸೈಕಲ್ಲಿಗೂ ವ್ಯಾಪ್ತಿಯು ಕರ್ತೃವಿನ ಮನಸ್ಸಿನಲ್ಲಿ ಮಾತ್ರ ಇದೆ. ನೈಯಾಯಿಕರು ಇಂತಹುದನ್ನು ವ್ಯಾಪ್ಯತ್ವಾಸಿದ್ಧವೆನ್ನುವರು. ಇಲ್ಲಿ ಆಡುವವನು ತರ್ಕಿಸುವುದಿಲ್ಲ. ಚೀಲದಲ್ಲಿರುವುದೆಲ್ಲವನ್ನೂ ಎದುರಿಗಿರುವುದೆಲ್ಲದರ ಮೇಲೆ ಉಜ್ಜಿ ನೋಡುವನು. ಆಗ ಗ್ರಾಮವು ಕಣ್ಣಿನಿಂದ ಮಾಯವಾಗಿ ಬರಿಯ ಗುಂಡಿಯೊತ್ತುವಿಕೆ ಉಳಿಯುವುದು.

ಆಶ್ಚರ್ಯವೆಂದರೆ ಅದೇ ಆಟದಲ್ಲಿ ನಿಗೂಢವಾದ ಪದ್ಯಗಳನ್ನು ಬಿಡಿಸಿ, ನಾಡಿನ ಭೂಪಟದ ಮೇಲೆ ಗೆರೆಗಳನ್ನೂ ವೃತ್ತಗಳನ್ನೂ ಎಳೆಯುತ್ತ ಹೋಗುವ ದೀರ್ಘವಾದ ಒಗಟೊಂದಿದೆ. ಅದು ಮೀಸೆಯ ಒಗಟಿಗಿಂತ ಎಷ್ಟೋ ಪಾಲು ಕಷ್ಟ; ಆದರೂ ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯಿಂದ ಹುಟ್ಟುವುದು, ಪ್ರತಿಯೊಂದು ಗೆರೆಯೂ ಕಣ್ಣೆದುರಿನ ಬೆಟ್ಟಗಳಿಗೆ ಅರ್ಥವನ್ನು ತುಂಬುವುದು. ಬಲ್ಲವರು ಇದನ್ನು ಈ ಪ್ರಕಾರದ ಶಿಖರಗಳಲ್ಲೊಂದೆಂದು ಎಣಿಸುವುದು ಯುಕ್ತವೇ ಆಗಿದೆ. ಇಂಗ್ಲೆಂಡಿನ ರೆವಲ್ಯೂಷನ್ ಸಂಸ್ಥೆಯ 'ಬ್ರೋಕನ್ ಸ್ವೋರ್ಡ್' (೧೯೯೬) ಎಂಬುದರಲ್ಲಿ ಐರ್ಲೆಂಡಿನ ಆಡೊಂದು ಕುಪ್ರಸಿದ್ಧವಾಗಿರುವುದೂ ಕಷ್ಟದಿಂದಲ್ಲ. ಅಲ್ಲಿಯ ತನಕ ನಿಧಾನವಾಗಿ ಯೋಚಿಸೆಂದು ಕಲಿಸಿದ ಆಟವು, ಆಡು ಹಾದು ಕೆಡವಿದಾಗ, ಮುನ್ಸೂಚನೆಯಿಲ್ಲದೆ ಥಟ್ಟನೆ ಓಡೆಂದು ವಿಧಿಸುವುದು. ಕಟ್ಟಿದ ವ್ಯಾಪ್ತಿಯನ್ನು ಕರ್ತೃವೇ ಮುರಿದಂತಾಯಿತು. ಇಂತಹ ದೋಷಗಳ ಪಟ್ಟಿಯನ್ನು ಬೆಳೆಸಬಹುದು. ಆದರೆ ಪೂರ್ವಾಚಾರ್ಯರು ಹೇಳಿದ ಹದಿನಾಲ್ಕು ದುಷ್ಟಪ್ರಹೇಲಿಕೆಗಳುಂಟೆಂದು ಸೂಚಿಸಿದ ಮಾತ್ರಕ್ಕೆ ನಿಲ್ಲಿಸಿ, ದೋಷಗಳಿಗೆ ಲೆಕ್ಕವಿಲ್ಲವೆಂದು ಒಳ್ಳೆಯವನ್ನಷ್ಟೇ ವಿವರಿಸಿದ ದಂಡಿಯ ವಿವೇಕವು ಇಲ್ಲಿಯೂ ಆದರಣೀಯ.

ಪದಾರ್ಥಗಳ ಒಗಟನ್ನು ಬಹುಮಟ್ಟಿಗೆ ತ್ಯಜಿಸಿಯೂ ಇದೇ ಫಲವನ್ನು ಪಡೆದ ಆಟವೊಂದುಂಟು: ಜೋರ್ಡನ್ ಮೆಕ್ನರ್ ಎಂಬವನ 'ದ ಲಾಸ್ಟ್ ಎಕ್ಸ್‌ಪ್ರೆಸ್' (೧೯೯೭). ೧೯೧೪ನೆಯ ಜುಲೈ ೨೪ರಂದು ಪ್ಯಾರಿಸ್ಸಿನಿಂದ ಕಾನ್‌ಸ್ಟಾಂಟಿನೋಪಲ್ಲಿಗೆ ಹೊರಟ ರೈಲು. ಬಂಡಿಯೇರಿದ ರಾಬರ್ಟ್ ಕ್ಯಾತ್ ತನ್ನ ಗೆಳೆಯನು ಕೋಣೆಯಲ್ಲಿ ಕೊಲೆಯಾಗಿ ಬಿದ್ದಿರುವುದನ್ನು ಕಾಣುವನು. ಶವವನ್ನು ಏನು ಮಾಡಬೇಕೆಂಬುದೇ ಮೊದಲನೆಯ ಪ್ರಶ್ನೆ. ಗೇಬ್ರಿಯಲ್ಲನ ಊರು ನಿಂತು ಕಾಯುವುದು; ಈ ರೈಲು ಯಾರಿಗಾಗಿಯೂ ಕಾಯುವುದಿಲ್ಲ. ಗಡಿಯಾರವು ನಿಜವಾದ ಕಾಲಕ್ಕಿಂತ ಆರುಪಟ್ಟು ವೇಗದಲ್ಲಿ ಓಡುತ್ತಿರುವುದು. ರಷ್ಯದ ಮುದಿ ಕೌಂಟನೂ, ಜರ್ಮನಿಯ ಮದ್ದುಗುಂಡಿನ ವ್ಯಾಪಾರಿಯೂ, ಸರ್ಬಿಯದ ಕ್ರಾಂತಿಕಾರರೂ ನಾಯಕನು ಕೇಳಲಿ ಬಿಡಲಿ ತಮ್ಮ ಮಾತುಗಳನ್ನು ಆಡಿಕೊಳ್ಳುವರು. ಒಂದೆಡೆ ಪಿಟೀಲು ಪಿಯಾನೋಗಳ ಕಚೇರಿ ನಡೆಯುವುದು. ಕುಳಿತು ಕೇಳಬಹುದು, ಎಲ್ಲರೂ ಅಲ್ಲಿರುವಾಗ ಮೆಲ್ಲನೆದ್ದು ಹೋಗಿ ಅವರ ಕೋಣೆಗಳನ್ನು ಶೋಧಿಸಬಹುದು. ಎರಡನ್ನೂ ಪೂರ್ಣವಾಗಿ ಮಾಡುವುದು ಶಕ್ಯವಲ್ಲ. ತಪ್ಪಿದಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಪುನಃ ಹೊರಡಬೇಕು. ಪುನರಾವೃತ್ತಿಯು ಇಲ್ಲಿ ಆಟ ಮುಗಿದ ಮೇಲಿನ ಮಾತಲ್ಲ, ಆಟದ ಶರೀರದಲ್ಲಿಯೇ ಅಡಗಿರುವ ಧರ್ಮ.

ಅದಕ್ಕಿಂತಲೂ ಗಹನವಾದ ವಿಷಯವೊಂದಿದೆ. ರೈಲು ಹೊರಡುವ ಹಿಂದಿನ ದಿನವೇ ಆಸ್ಟ್ರಿಯವು ಸರ್ಬಿಯಕ್ಕೆ ಅಂತಿಮ ಎಚ್ಚರಿಕೆಯನ್ನು ಕಳುಹಿಸಿತ್ತು. ಜುಲೈ ೨೮ರಂದು ಯುದ್ಧವು ಸಾರಲ್ಪಟ್ಟಿತು. ಊಟದ ಬಂಡಿಯಲ್ಲಿ ನಗುನಗುತ್ತ ಕುಳಿತವರಿಗೆ ಅದು ತಿಳಿಯದು, ಆಡುವವನಿಗೆ ತಿಳಿದಿದೆ. ಚಿಕ್ಕ ರಹಸ್ಯವನ್ನು ಮುಚ್ಚಿಟ್ಟು ದೊಡ್ಡ ರಹಸ್ಯವನ್ನು ಮೊದಲೇ ಬಿಚ್ಚಿಟ್ಟುದು ಕರ್ತೃವಿನ ಪ್ರೌಢಿಮೆ. ಪರಿಣಾಮವು ತಿಳಿದಿದ್ದರೂ ಪ್ರೇಕ್ಷಕನು ಊರುಭಂಗವನ್ನು ನೋಡುವನಷ್ಟೆ. ಈ ಆಟವು ಪ್ರಕಟವಾದಾಗ ವ್ಯಾಪಾರದಲ್ಲಿ ಸೋತಿತು. ೨೦೧೨ರಲ್ಲಿ ಕೈಫೋನುಗಳಿಗೂ ಬಂದಿತು.

೧೯೯೩ರ 'ಮಿಸ್ಟ್' ಅತ್ಯಧಿಕ ಪ್ರಚಾರವನ್ನು ಪಡೆದುದು. ಅದರ ಪೆಟ್ಟಿಗೆಯಲ್ಲಿ ಬರಿಯ ಹಾಳೆಗಳ ಒಂದು ಪುಸ್ತಕವನ್ನು ಇಟ್ಟಿದ್ದರು. ಕಂಡುದನ್ನು ಆಡುವವನೇ ಬರೆದುಕೊಳ್ಳಲೆಂಬುದು ಅಭಿಪ್ರಾಯ. ಜನಶೂನ್ಯವಾದ ಆ ದ್ವೀಪದಲ್ಲಿ ವ್ಯಕ್ತಿಗಳಿಗಿಂತ ಯಂತ್ರಗಳೇ ಹೆಚ್ಚು, ಆದಕಾರಣ ರಸವು ಅದ್ಭುತದಿಂದಾಚೆಗೆ ಅಷ್ಟಾಗಿ ಹರಿಯಲಿಲ್ಲ. ಆದರೂ ಆ ಬರಿಯ ಹಾಳೆಗಳ ಪುಸ್ತಕವು ಇಡೀ ಪ್ರಕಾರದ ಮರ್ಮವನ್ನು ಬಲ್ಲದು. ೧೯೯೨ರ 'ದ ಡ್ಯಾಗರ್ ಆಫ್ ಆಮನ್ ರಾ' ಇನ್ನೂ ನಿಷ್ಠುರವಾದುದು. ೧೯೨೬ರ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ನಡೆದ ಕೊಲೆಗಳ ಕಥೆ ಮುಗಿದ ಮೇಲೆ ಮರಣವಿಚಾರಣೆಯ ಅಧಿಕಾರಿಯು ಆಡುವವನನ್ನೇ ಪ್ರಶ್ನಿಸುವನು: ಯಾರು, ಏಕೆ, ಸಾಕ್ಷ್ಯವೇನು? ಗಮನಿಸದೆ ಬಂದವನು ಕಥೆಯ ಕೊನೆಯನ್ನು ತಲುಪಿದ್ದರೂ ಏನನ್ನೂ ತಿಳಿದಿರುವುದಿಲ್ಲ. ನಡುವೆ ಬಿಟ್ಟುಬಂದ ಕುರುಹಿಗೆ ಮರಳಿ ಹೋಗಲು ಎಷ್ಟೋ ಕಡೆ ದಾರಿಯಿಲ್ಲದಿರುವುದು ಅದರ ದೊಡ್ಡ ಕೊರತೆ. ಗಿಲ್ಬರ್ಟನು ೧೯೮೯ರಲ್ಲಿಯೇ ತನ್ನ ಪ್ರಬಂಧವೊಂದರಲ್ಲಿ ಇಂತಹ ರಚನೆಯನ್ನು ಖಂಡಿಸಿದ್ದನು.

ಈಚೆಗೆ ಈ ಕೃತಿಗಳು ಹೊಸ ಉಡುಪಿನಲ್ಲಿ ಬರುತ್ತಿವೆ. ಮೊದಲನೆಯ ಗೇಬ್ರಿಯಲ್ ನೈಟ್ ೨೦೧೪ರಲ್ಲಿಯೂ, ಬ್ರೋಕನ್ ಸ್ವೋರ್ಡ್ ೨೦೨೪ರಲ್ಲಿಯೂ ನವೀಕೃತವಾದುವು. ಎರಡರಲ್ಲಿಯೂ ತೊಡಕಿದಲ್ಲಿ ಸೂಚನೆಯನ್ನು ಕೊಡುವ ಏರ್ಪಾಡು ಇದೆ. ದಾರಿಗಾಣದವನಿಗೆ ಕೈದೀಪ ಕೊಡುವುದು ದೋಷವೆಂದು ಯಾರೂ ಹೇಳಲಾರರು. ಬೆಕ್ಕಿನ ಮೀಸೆಯಂತಹ ಸ್ಥಳಗಳಲ್ಲಿ ಅದು ಉಪಕಾರವೇ ಸರಿ. ಆದರೆ ಚೌಕದ ಡೋಲಿನ ಶಬ್ದವನ್ನು ಮೂರು ದಿನ ಕೇಳಿ ಅರ್ಥಮಾಡಿಕೊಳ್ಳಬೇಕಾದವನಿಗೆ ಮೂರು ನಿಮಿಷದಲ್ಲಿ ಅರ್ಥವನ್ನು ಹೇಳಿಬಿಟ್ಟರೆ, ಅವನಿಗೆ ಕಥೆ ದೊರೆಯುವುದು, ಊರು ದೊರೆಯುವುದಿಲ್ಲ. ಟೀಕೆಯನ್ನು ಮೊದಲು ಓದಿ ಮೂಲವನ್ನು ಬಿಟ್ಟ ವಿದ್ಯಾರ್ಥಿಗಳು ಪಾಠಶಾಲೆಗಳಲ್ಲಿಯೂ ಇರುವರು. ಹೊಸ ಗೇಬ್ರಿಯಲ್ಲಿನಲ್ಲಿ ಚಿತ್ರಗಳು ನುಣುಪಾಗಿವೆ. ಹಳೆಯದರಲ್ಲಿ ಚುಕ್ಕೆಚುಕ್ಕೆಯಾಗಿ ಒಡೆದು ಕಾಣುವ ಸ್ಮಶಾನದ ಕತ್ತಲೆಯಲ್ಲಿ ಕಲ್ಲು ಯಾವುದು, ನೆರಳು ಯಾವುದು ಎಂದು ಕಣ್ಣು ತಡಕಾಡಬೇಕಾಗಿತ್ತು. ಎರಡನ್ನೂ ಆಡಲು ಅವಕಾಶವಿರುವವರು ಮೊದಲು ಹಳೆಯದನ್ನು, ಮಗ್ಗುಲಲ್ಲಿ ಒಂದು ಬರಿಯ ಹಾಳೆಯ ಪುಸ್ತಕವನ್ನಿಟ್ಟುಕೊಂಡು, ಆಡುವುದು ಲೇಸು.