‘ಮಿಥ್ಯಾದೃಷ್ಟಿ’ ಎಂಬ ಮಾತು ಪರರ ಕಿವಿಯಲ್ಲಿ

ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ ಅನ್ಯಮತಗಳನ್ನು ತೀಕ್ಷ್ಣವಾಗಿ ಖಂಡಿಸುವ ಕೃತಿ. ನಮ್ಮವರು ಅದನ್ನು ಅಭಿಮಾನದಿಂದ ಓದುತ್ತಾರೆ. ಖಂಡನೆಗೆ ಒಳಗಾದವರು ಅದನ್ನು ಹೇಗೆ ಕೇಳಿಯಾರು ಎಂಬುದೂ ವಿಮರ್ಶೆಯ ವಿಷಯವೇ ಸರಿ.

ಉತ್ತರವು ನಮ್ಮ ಅನುಭವದಲ್ಲಿಯೇ ಇದೆ. ವೇದಪ್ರಾಮಾಣ್ಯವನ್ನು ಒಪ್ಪದ ಕಾರಣ ವೈದಿಕ ದಾರ್ಶನಿಕರು ಜೈನರನ್ನು ನಾಸ್ತಿಕರೆಂದರು. ಅವರಿಗೆ ಅದು ವರ್ಗೀಕರಣ. ಆತ್ಮ, ಕರ್ಮ, ಪುನರ್ಜನ್ಮ, ಮೋಕ್ಷಗಳನ್ನು ನಂಬುವ ನಮಗೆ ನಿಂದೆ.

‘ಮಿಥ್ಯಾದೃಷ್ಟಿ’ಯ ಗತಿಯೂ ಇದೇ. ಶಾಸ್ತ್ರದಲ್ಲಿ ಅದು 14 ಗುಣಸ್ಥಾನಗಳಲ್ಲಿ ಮೊದಲನೆಯದು, ಜೀವದ ಒಂದು ಅವಸ್ಥೆ. ಜೈನ ಕುಲದಲ್ಲಿ ಹುಟ್ಟಿದ ಮಾತ್ರಕ್ಕೆ ಸಮ್ಯಗ್ದರ್ಶನ ಲಭಿಸದು. ಆತ್ಮಪರೀಕ್ಷೆಗೆ ಸಲ್ಲುವ ಪದವನ್ನು ಪರರತ್ತ ತಿರುಗಿಸಿದರೆ ಅದು ಬೈಗುಳವಾಗುತ್ತದೆ. ಬ್ರಹ್ಮಶಿವನ ಮಿತಿ ಇಲ್ಲಿದೆ.

ಇದಕ್ಕಿಂತ ಉತ್ತಮ ಮಾದರಿ ಶ್ರವಣಬೆಳಗೊಳದ 1368ರ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಬುಕ್ಕರಾಯನು ಬಗೆಹರಿಸಿದ ವೃತ್ತಾಂತ ಅದರಲ್ಲಿದೆ. ಅಲ್ಲಿ ಜೈನರು ‘ಭವ್ಯರು’, ಶ್ರೀವೈಷ್ಣವರು ‘ಭಕ್ತರು’. ಇಬ್ಬರಿಗೂ ಅವರವರಿಗೆ ಪ್ರಿಯವಾದ ಹೆಸರೇ ಸಂದಿದೆ.

ಹುಬ್ಬಳ್ಳಿಯಲ್ಲಿ ನಮ್ಮ ಪ್ರವಚನಗಳಿಗೆ ನೆರೆಹೊರೆಯ ಅನ್ಯಮತೀಯರೂ ಬಂದು ಕುಳಿತುಕೊಳ್ಳುವುದುಂಟು. ಮುನಿಗಳ ಭಾಷಾಸಮಿತಿಯು ಗೃಹಸ್ಥರಿಗೂ ಪಾಠ. ಆ ಪದವನ್ನು ಉಚ್ಚರಿಸುವ ಮುನ್ನ ಅವರ ಮುಖವನ್ನೊಮ್ಮೆ ನೋಡೋಣ. ಬಳಿಕ ನಮ್ಮ ಅಂತರಂಗವನ್ನು.